ಹಳದಿ ಟವೆಲ್ಲಿನ ಸರದಿ

ಅತ್ತೆ,

ಮೊದಲು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದುವುದಿಲ್ಲ. ಪುಟ್ಟಿ ಚೆನ್ನಾಗಿ ಹಾಲು ಕುಡಿಯುತ್ತಿದ್ದಾಳೆ. ಹೊಟ್ಟೆ ಸರಿಯಾಗಿದೆ. ಟೋಪಿ ಹಾಕದೆ ಹೊರಗೆ ಕರೆದುಕೊಂಡು ಹೋಗಿಲ್ಲ. ನಿಮ್ಮ ಮಗ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾರೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಕೆಮ್ಮು ಮಾತ್ರ ಹಾಗೇ ಇದೆ. ಪುಟ್ಟಿಯದು, ನಿಮ್ಮ ಮಗನದಲ್ಲ.

ಈ ಕಾಲದಲ್ಲಿ ಪತ್ರ ಯಾಕೆ ಬರೆದಳು ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ. ಆ ಕಡೆಯಿಂದ ನಾದಿನಿ, ಅವಳ ಗಂಡ, ಅವಳ ಕಾಲಿನ ಕಟ್ಟು ನೋಡಲು ಬಂದವರು, ಎಲ್ಲರೂ "ಪುಟ್ಟಿ ಎಲ್ಲಿ, ಪುಟ್ಟಿ ತೋರ್ಸು" ಎಂದು ಕೂಗುತ್ತಾರೆ. ನಾನು ಕ್ಯಾಮೆರಾ ಅವಳ ಕಡೆ ತಿರುಗಿಸಿ ಸುಮ್ಮನಾಗುತ್ತೇನೆ. ನಿಮಗೆ ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿದು, ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಗೊಣಗಿಕೊಳ್ಳುತ್ತೇನೆ. ಈಗ ಮಧ್ಯಾಹ್ನ. ಅವಳು ನನ್ನ ಎಡಹೆಗಲ ಮೇಲೆ ನಿದ್ದೆಹೋಗಿದ್ದಾಳೆ. ಕೆಳಗೆ ಮಲಗಿಸಿದರೆ ಎದ್ದುಬಿಡುತ್ತಾಳೆ ಎಂದು ಹಾಗೇ ಕೂತು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಸಾಲುಗಳು ಇಳಿಜಾರಿಗೆ ಜಾರಿದ್ದರೆ ತಪ್ಪು ಅವಳದು.

ಅತ್ತೆ, ಇವತ್ತು ಸಂಜೆ ನಮ್ಮ ಬೀದಿಯ ಎರಡನೇ ಪರೀಕ್ಷೆ. ಹೆದರಿಕೆಯೋ ಹಿಗ್ಗೋ ಎಂದು ಕೇಳಿದರೆ ಎರಡೂ ಕಲಸಿಹೋಗಿವೆ, ಬೇರೆ ಮಾಡಿ ಹೇಳಲಾರೆ.

"ಅದೇನೇ ನೀನು ಮಾಡೋ ಕೆಲಸ?" ಎಂದು ನೀವು ಒಮ್ಮೆ ಕೇಳಿದ್ದಿರಿ. "ಕರೆಂಟಿಂದು ಅತ್ತೆ" ಎಂದು ತೇಲಿಸಿಬಿಟ್ಟಿದ್ದೆ. ಬಾಣಂತಿ ಲ್ಯಾಪ್‌ಟಾಪ್ ಹಿಡಿದಿದ್ದಾಳೆ ಅಂತ ಬೈಯುತ್ತೀರೇನೋ ಎಂಬ ಅಂಜಿಕೆ. ಈಗ ಸರಿಯಾಗಿ ಹೇಳುತ್ತೇನೆ, ಕೇಳಿ. ನಮ್ಮ ಬೀದಿಯ ತಾರಸಿಗಳ ಮೇಲೆಲ್ಲ ಸೋಲಾರ್ ಫಲಕ ಹಾಕಿದ್ದು ನೀವೇ ನೋಡಿದ್ದೀರಿ, ಬಟ್ಟೆ ಒಣಗಿಸಲು ಜಾಗ ಇಲ್ಲ ಎಂದು ಜಗಳವನ್ನೂ ಆಡಿದ್ದೀರಿ. ಹಗಲು ಅವು ಮಾಡಿದ ಕರೆಂಟೆಲ್ಲ ಎದುರು ಕಟ್ಟಡದ ನೆಲಮಹಡಿಯ ಬ್ಯಾಟರಿ ಕೋಣೆಯಲ್ಲಿ ಸೇರುತ್ತದೆ. ಸಂಜೆ ಊರಿಗೆಲ್ಲ ಕರೆಂಟು ಸಾಲದಾದಾಗ ನಮ್ಮ ಬೀದಿ ಅದರ ಮೇಲೆ ಬದುಕಬೇಕು, ಅದನ್ನು ಹೊಂದಿಸುವುದೇ ನನ್ನ ಕೆಲಸ. ಹಾಗೆ ಬದುಕಿದರೆ ನಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೆ ಕೂತಿರುವ ಆ ಡೀಸೆಲ್ ಜನರೇಟರ್ ಬೇಕಾಗಿಲ್ಲ. ನನಗೆ ಬೇಕಾದದ್ದು ಇಷ್ಟೇ. ಪುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮುಚ್ಚಿದ ಕಿಟಕಿಯನ್ನು ಇವತ್ತಿನವರೆಗೂ ತೆರೆದಿಲ್ಲ. ಆದರೂ ಸಂದಿಯಿಂದ ಹೊಗೆ ನುಸುಳಿ ಅವಳ ತೊಟ್ಟಿಲ ಹೊದಿಕೆಯಲ್ಲೂ ಡೀಸೆಲ್ ವಾಸನೆ. ಅವಳು ಕೆಮ್ಮಿದಾಗಲೆಲ್ಲ ನನಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಗುತ್ತದೆ.

ವಿದ್ಯುತ್ ಕಚೇರಿಯವರ ಷರತ್ತು ನೇರವಾಗಿದೆ. ಸಂಜೆ ಆರರಿಂದ ಒಂಬತ್ತರವರೆಗೆ ಹೊರಗಿನ ಲೈನು ತೆಗೆದುಬಿಡುತ್ತಾರೆ. ಜನರೇಟರ್ ಹಾಕುವಂತಿಲ್ಲ. ಬೀದಿಯವರು ಕತ್ತಲಲ್ಲಿ ಕೂತು ಪಾಸಾಗುವಂತೆಯೂ ಇಲ್ಲ, ದಿನದ ಕೆಲಸವೆಲ್ಲ ಆಗಬೇಕು. ಇಷ್ಟೆಲ್ಲ ಸರಿಯಾಗಿ ನಡೆದರೆ ಬ್ಯಾಟರಿ ಕೋಣೆಗೆ ಒಪ್ಪಿಗೆ, ಜನರೇಟರ್ ಎತ್ತಂಗಡಿ. ಎರಡು ಸಲ ತಪ್ಪಿದರೆ ಒಪ್ಪಿಗೆಯೇ ಇಲ್ಲ, ಕಿಟಕಿಗೆ ಮೊಳೆ ಹೊಡೆದುಕೊಳ್ಳುವುದೊಂದೇ ದಾರಿ.

ಮೊದಲ ಸಲ ಏನಾಯಿತೆಂದು ನೀವೇ ಬಾಲ್ಕನಿಯಲ್ಲಿ ಪುಟ್ಟಿಯನ್ನು ಎತ್ತಿಕೊಂಡು ನೋಡಿದಿರಿ. ಯಾಕಾಯಿತೆಂದು ಮಾತ್ರ ನಾನು ಹೇಳಲಿಲ್ಲ. ನಮ್ಮ ಬ್ಯಾಟರಿ ಪುಟ್ಟಿಯ ಹಾಲಿನ ಬಾಟಲಿ ಇದ್ದ ಹಾಗೆ. ಬಾಟಲಿ ತುಂಬಾ ಹಾಲಿದ್ದರೂ ನಿಪ್ಪಲಿನ ತೂತು ಚಿಕ್ಕದು, ಒಂದೇ ಸಲಕ್ಕೆ ಬಹಳ ಕೊಡಲಾರದು. ಅದಕ್ಕೇ ನಾನು ಬಹಳ ಬುದ್ಧಿ ಉಪಯೋಗಿಸಿ, ಬೀದಿ ಎಳೆಯುವ ಕರೆಂಟು, ಅಂದರೆ ಲೋಡ್, ಏರಿದ ತಕ್ಷಣ ಎಲ್ಲರ ಮೊಬೈಲಿಗೂ ಸಂದೇಶ ಹೋಗುವ ಹಾಗೆ ಮಾಡಿದ್ದೆ: ಈಗ ದೊಡ್ಡ ಯಂತ್ರ ಹಾಕಬೇಡಿ, ಅರ್ಧ ಗಂಟೆ ತಡೆಯಿರಿ. ನಮ್ಮ ಬೀದಿಯವರು ಮಾತು ಕೇಳುವವರಲ್ಲ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೆದರಿಸಿದ್ದರು. ಅಯ್ಯೋ, ಕೇಳಿದರಲ್ಲ! ಬೇಕರಿ ಅಕ್ಕ ಹಿಟ್ಟು ಮುಚ್ಚಿಟ್ಟು ಕಾದಳು. ಇಸ್ತ್ರಿ ಅಣ್ಣ ಬಟ್ಟೆ ರಾಶಿಯ ಮುಂದೆ ಕೈಕಟ್ಟಿ ಕಾದ. ಹಲ್ಲಿನ ಡಾಕ್ಟರ್ ತಮ್ಮ ಸಾಮಾನು ಕುದಿಸುವ ಯಂತ್ರ ಆರಿಸಿ ಕಾದರು. ನೀರಿನ ಪಂಪಿನವರೂ ಕಾದರು. ಅರ್ಧ ಗಂಟೆ ಮುಗಿಯಿತು ನೋಡಿ, ಬೀದಿಗೆ ಬೀದಿಯೇ ಒಂದೇ ಕ್ಷಣಕ್ಕೆ ಸ್ವಿಚ್ ಒತ್ತಿತು. ಪಟ್ ಅಂತ ಎಲ್ಲ ಹೋಯಿತು.

ಕತ್ತಲಲ್ಲಿ ಬೇಕರಿ ಅಕ್ಕನ ದನಿ ಕೇಳಿತು. "ನೀನು ಹೇಳಿದ ಹಾಗೇ ಮಾಡಿದ್ವಲ್ಲಮ್ಮ ಇಂಜಿನಿಯರಮ್ಮ, ಅದೇ ತಪ್ಪಾಯ್ತಾ?" ಅಷ್ಟರಲ್ಲಿ ಜನರೇಟರ್ ನೋಡಿಕೊಳ್ಳುವ ಡೀಸೆಲ್ ಮಾವ ಅದನ್ನು ಶುರುಮಾಡಿದರು. ಗಡಗಡ ಸದ್ದು, ಬೆಳಕು, ಹೊಗೆ. ಜನ ಚಪ್ಪಾಳೆ ತಟ್ಟಿದರು ಅತ್ತೆ! ಹೊಗೆ ಉಗುಳುವ ಆ ಡಬ್ಬಕ್ಕೆ ಚಪ್ಪಾಳೆ! ನಾನು ಬ್ಯಾಟರಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆಯೇ ನಾದಿನಿ ಕಾಲು ಮುರಿದುಕೊಂಡ ಸುದ್ದಿ ಬಂತು, ನೀವು ಹೊರಟುಬಿಟ್ಟಿರಿ. ಬ್ಯಾಗಿಗೆ ಸೀರೆ ತುರುಕುತ್ತಾ ನೀವು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಅಲ್ಲಿ ಹೋದ್ರೆ ನಾನಾದ್ರೂ ಮಲಗ್ತೀನಿ, ಇಲ್ಲಿ ನೀವಾದ್ರೂ ಮಲಗಿ." ಸಿಟ್ಟಿನಲ್ಲಿ ಹೇಳಿದಿರೋ ಪ್ರೀತಿಯಲ್ಲೋ ಎಂದು ದಿನಗಟ್ಟಲೆ ಯೋಚಿಸಿದೆ.

ಎರಡೂ ಇರಬೇಕು. ನಮ್ಮ ಮನೆಯಲ್ಲಿ ಆಗುತ್ತಿದ್ದುದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಪುಟ್ಟಿ "ಕುಯ್ಯ್" ಅಂದರೆ ಸಾಕು, ಮೂವರೂ ಏಳುತ್ತಿದ್ದೆವು. ನಿಮ್ಮ ಮಗ ಬಾಟಲಿ ಹಿಡಿದು, ನೀವು ಬಟ್ಟೆ ಹಿಡಿದು, ನಾನು ಏನೂ ಹಿಡಿಯದೆ ಬರೀ ಗಾಬರಿ ಹಿಡಿದು. ತೊಟ್ಟಿಲ ಹತ್ತಿರ ಮೂರು ತಲೆ ಢೀ. ಒಮ್ಮೆ ಮಾತ್ರ ಬೇರೆಯವರು ಏಳುತ್ತಾರೆಂದು ಮೂವರೂ ಸುಮ್ಮನೆ ಮಲಗಿದ್ದೆವು, ಪಾಪದ್ದು ಅತ್ತೂ ಅತ್ತೂ ಕೆಂಪಗಾಗಿತ್ತು. ಆಮೇಲೆ ಹೆದರಿ ಮತ್ತೆ ಮೂವರೂ ಏಳತೊಡಗಿದೆವು.

ನೀವು ಹೋದ ಮೇಲೂ ನಾವಿಬ್ಬರು ಹಾಗೇ ಢೀ ಹೊಡೆಯುತ್ತಿದ್ದೆವು. ಕೊನೆಗೆ ನಿಮ್ಮ ಮಗ ರೇಗಿ, ನೀವು ಅಂಚಿಗೆ ಬಾತುಕೋಳಿ ಹೊಲಿದುಕೊಟ್ಟ ಹಳದಿ ಟವೆಲ್ ತಂದು ನನ್ನ ದಿಂಬಿನ ಮೇಲೆ ಒಗೆದರು. "ಇದು ಯಾರ ದಿಂಬಿನ ಮೇಲಿದೆಯೋ ಅವರು ಏಳೋದು. ಎದ್ದು ಕೆಲಸ ಮುಗಿಸಿ ಇನ್ನೊಬ್ಬರ ದಿಂಬಿನ ಮೇಲೆ ಇಡೋದು. ಟವೆಲ್ ಇಲ್ಲದವರು ಮನೆಗೆ ಬೆಂಕಿ ಬಿದ್ರೂ ಏಳಬಾರದು." ನಿಮ್ಮ ಮಗ ನಿದ್ದೆಗೆ ಎಂಥ ಶೂರ ಅಂತ ನಿಮಗೆ ಗೊತ್ತೇ ಇದೆ, ಅವರು ಗೊರಕೆ ಹೊಡೆದರು. ನಾನು ಟವೆಲ್ ಇಲ್ಲದಿದ್ದಾಗಲೂ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಆದರೆ ಏಳಲಿಲ್ಲ. ಹಾಸಿಗೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಏಳಲಿಲ್ಲ. ಪುಟ್ಟಿಗೆ ಏನೂ ಕೊರತೆಯಾಗಲಿಲ್ಲ. ಅವರು ಅವಳಿಗೆ ಜೋಗುಳ ಬಾರದೆ ಕ್ರಿಕೆಟ್ ಸ್ಕೋರ್ ಹೇಳಿ ಮಲಗಿಸಿದರು!

ಒಂದು ಬೆಳಿಗ್ಗೆ ಆ ಟವೆಲ್ ಮಡಚುತ್ತಾ ನಿಂತಿದ್ದೆ. ಇದ್ದಕ್ಕಿದ್ದಂತೆ ಹೊಳೆಯಿತು. ಬೀದಿಯಲ್ಲಿ ಆಗಿದ್ದೂ ಇದೇ ತಾನೆ? ಎಲ್ಲರಿಗೂ ಒಂದೇ ಸಲ ಕೂಗಿ ಹೇಳಿದರೆ ಎಲ್ಲರೂ ಒಂದೇ ಸಲ ಏಳುತ್ತಾರೆ. ಬೇಕಾದದ್ದು ಕೂಗಲ್ಲ, ಕೈಯಿಂದ ಕೈಗೆ ದಾಟುವ ಸರದಿ. ನಾನು ಹಲ್ಲುಜ್ಜದೆ ಬೇಕರಿಗೆ ಓಡಿದೆ.

ನಮ್ಮ ಆಫೀಸಿನವರು ಎಲ್ಲರ ಸ್ವಿಚ್ಚನ್ನೂ ಕಂಪ್ಯೂಟರೇ ಹಾಕಿ ಆರಿಸಲಿ ಎಂದಿದ್ದರು. ಇಸ್ತ್ರಿ ಅಣ್ಣ ಕೇಳಲಿಲ್ಲ. "ನನ್ನ ಸ್ವಿಚ್ ನನ್ನ ಕೈಲಿರಬೇಕು. ಯಾರೋ ಎಲ್ಲೋ ಕೂತು ಆರಿಸಿಬಿಟ್ರೆ, ಅರ್ಧ ಇಸ್ತ್ರಿಯಾದ ಮದುಮಗನ ಕೋಟು ನೀನು ಹಾಕ್ಕೊಂಡು ಹೋಗ್ತೀಯಾ?" ಆದರೆ ಟವೆಲ್ಲಿನ ಕತೆ ಕೇಳಿ ಬೇಕರಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಕ್ಕ ಮೇಲೆ ಒಪ್ಪಿದರು. ದೊಡ್ಡ ಲೋಡು ನಾಲ್ಕೇ: ಬೇಕರಿಯ ಓವನ್, ಇಸ್ತ್ರಿ ಅಂಗಡಿ, ಡಾಕ್ಟರ ಯಂತ್ರ, ನೀರಿನ ಪಂಪು. ಒಬ್ಬರು ಮುಗಿಸಿ ಪಕ್ಕದವರಿಗೆ ಕೊಡಬೇಕು, ಕೈಗೆ ಬರುವವರೆಗೆ ಯಾರೂ ಹಾಕಬಾರದು. ನಾನು ಇದಕ್ಕೊಂದು ಚೆಂದದ ಬಿಲ್ಲೆ ಮಾಡಿಸುತ್ತೇನೆ ಎಂದೆ. ಬೇಕರಿ ಅಕ್ಕ ಬೇಡವೆಂದಳು. "ಬಿಲ್ಲೆ ಕೊಟ್ರೆ ಮೂಲೆಗೆಸೀತಾರೆ. ಆ ಟವೆಲ್ಲೇ ಕೊಡು. ಮಗುವಿಂದು ಅಂದ್ರೆ ಜೋಪಾನ ಮಾಡ್ತಾರೆ." ಕೊಟ್ಟೆ ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಸದ್ಯಕ್ಕೆ ನಿಮ್ಮ ಮಗನ ಹಳೇ ಬನಿಯನ್ ದಿಂಬಿನಿಂದ ದಿಂಬಿಗೆ ಓಡಾಡುತ್ತಿದೆ.

ಇನ್ನೊಂದು ಗಂಟು ಉಳಿದಿತ್ತು. ಡೀಸೆಲ್ ಮಾವ. ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ಅವರ ಹತ್ತಿರ ಹೋದೆ. ಕರೆಂಟು ಹೋಗಿತ್ತು, ಜನರೇಟರ್ ಓಡುತ್ತಿತ್ತು. ನಮ್ಮನ್ನು ನೋಡಿದ್ದೇ ತಟ್ಟನೆ ಆರಿಸಿಬಿಟ್ಟರು. "ಮಗು ಇಟ್ಕೊಂಡು ಇಲ್ಯಾಕಮ್ಮ ಬಂದೆ, ಹೊಗೆ ಕಾಣಲ್ವಾ?" ಮೇಲಿನಿಂದ ಯಾರೋ ಕರೆಂಟ್ ಎಂದು ಕಿರುಚಿದರು. ಮಾವ ತಲೆ ಎತ್ತಿ, "ಐದು ನಿಮಿಷ ಸುಮ್ನಿರ್ರಿ, ಇಲ್ಲಿ ಮಗು ಇದೆ" ಎಂದು ಗದರಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನಿನ್ನ ಬ್ಯಾಟರಿ ಗೆದ್ರೆ ನನ್ನ ಹೊಟ್ಟೆಪಾಡೇನಮ್ಮ?"

ನನ್ನ ನಕ್ಷೆಯಲ್ಲಿ ಫಲಕ, ಬ್ಯಾಟರಿ, ತಂತಿ, ಮೀಟರ್ ಎಲ್ಲಕ್ಕೂ ಒಂದೊಂದು ಚೌಕ ಇತ್ತು. ಈ ಮನುಷ್ಯ ಕೂರಲು ಒಂದು ಚೌಕವೂ ಇರಲಿಲ್ಲ. ಮನೆಗೆ ಬಂದು ಇಡೀ ನಕ್ಷೆ ಮತ್ತೆ ಬರೆದೆ. ವಿದ್ಯುತ್ ಕಚೇರಿಯ ಲೈನ್ ಸಾಹೇಬರ ಮುಂದೆ ಇಟ್ಟಾಗ ಅವರು ಕನ್ನಡಕ ಹಣೆಗೇರಿಸಿದರು. "ನೋಡಮ್ಮ, ನಿಯಮದಲ್ಲಿ ಸರದಿಗೆ ಜವಾಬ್ದಾರಿ ಯಾರದ್ದು ಅಂತ ಕೇಳ್ತಾರೆ. ಅಲ್ಲಿ ಟವೆಲ್ ಅಂತ ಬರೆಯಕ್ಕಾಗುತ್ತಾ?" ಟವೆಲ್ ಅಲ್ಲ ಸಾರ್, ಇವರು, ಎಂದು ಜೊತೆಗೆ ಕರೆದುಕೊಂಡು ಹೋಗಿದ್ದ ಡೀಸೆಲ್ ಮಾವನನ್ನು ಮುಂದೆ ತಳ್ಳಿದೆ. ಬೀದಿಯ ಸಂಘ ಅವರಿಗೆ ಕೊಡುತ್ತಿದ್ದ ಸಂಬಳವನ್ನೇ ಮುಂದುವರಿಸುವುದು, ಬ್ಯಾಟರಿ ಕೋಣೆಯ ಬೀಗದಕೈ, ಸರದಿಯ ಉಸ್ತುವಾರಿ ಎರಡೂ ಅವರದು. ಸಂಘ ಒಪ್ಪಿತು. ಸಾಹೇಬರೂ ಒಪ್ಪಿದರು. ಆದರೆ ಎಲ್ಲವೂ ಇವತ್ತಿನ ಸಂಜೆಯ ಮೇಲೆ.

ಎದ್ದಳು. ಒದ್ದೆ ಮಾಡಿದ್ದಾಳೆ, ನನ್ನ ಮೇಲೂ. ಉಳಿದದ್ದು ನಾಳೆ. ಗೆದ್ದರೂ ಸೋತರೂ ಬರೆಯುತ್ತೇನೆ.

ಅತ್ತೆ, ಬೆಳಗಾಯಿತು. ಮುಗಿದದ್ದು ಹೇಗೆ ಅಂತ ಮೊದಲೇ ಹೇಳಿಬಿಡುವ ಚಪಲ, ಆದರೆ ನಿಮ್ಮನ್ನು ಸ್ವಲ್ಪ ಕಾಯಿಸುತ್ತೇನೆ. ನಾನು ಕಾದಿದ್ದರಲ್ಲಿ ಒಂದು ಪಾಲು ನಿಮಗೂ ಇರಲಿ.

ಆರಕ್ಕೆ ಲೈನು ತೆಗೆದರು. ಬೀದಿಯ ದೀಪ, ಫ್ಯಾನು ಒಂದೂ ಅಲ್ಲಾಡಲಿಲ್ಲ. ಬ್ಯಾಟರಿ ಕೋಣೆಯಲ್ಲಿ ನಾನು, ಲೈನ್ ಸಾಹೇಬರು, ಡೀಸೆಲ್ ಮಾವ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದು ಬಂದಿದ್ದರು. ಮೊದಲ ಸರದಿ ಬೇಕರಿ ಅಕ್ಕನದು. ಕಂಪ್ಯೂಟರ್ ಪರದೆಯ ಮೇಲೆ ಲೋಡಿನ ಗೆರೆ ಮೇಲೇರಿ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಬ್ರೆಡ್ಡಾಯಿತು! ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅಕ್ಕ ಎರಡು ಕೈಯಲ್ಲಿ ಹಳದಿ ಟವೆಲ್ ಹಿಡಿದು ಇಸ್ತ್ರಿ ಅಂಗಡಿಗೆ ಹೋಗುತ್ತಿದ್ದಳು, ಹಸುಗೂಸು ಎತ್ತಿಕೊಂಡವಳ ಹಾಗೆ. ಗೆರೆ ಮತ್ತೆ ಏರಿತು. ಇಸ್ತ್ರಿ ಅಣ್ಣನ ಸರದಿ. ಅದೂ ಇಳಿಯಿತು. ಮುಂದಿನದು ಡಾಕ್ಟರದು.

ಗೆರೆ ಏರಲಿಲ್ಲ.

ಕಾದೆವು. ಏರಲಿಲ್ಲ. ಸಾಹೇಬರು ಗಡಿಯಾರ ನೋಡಿದರು. "ಏನಮ್ಮ, ಬೀದಿ ಮಲಗ್ತೋ? ಡಾಕ್ಟರ್ ಸಾಮಾನು, ನೀರು, ಎರಡೂ ಬಾಕಿ ಇದೆ. ಆಗದಿದ್ರೆ ನಾನು ಪಾಸ್ ಅಂತ ಬರೆಯಲ್ಲ." ಮೊಬೈಲಿನಲ್ಲಿ ಆ ಹಳೇ ಬಟನ್ ಇನ್ನೂ ಇತ್ತು, ಎಲ್ಲರಿಗೂ ಕಳಿಸು ಅನ್ನುವುದು. "ಯಾರಿಗೆ ಬಾಕಿ ಇದೆಯೋ ಹಾಕ್ಕೊಳ್ಳಿ" ಎಂದು ಟೈಪ್ ಮಾಡಿದೆ. ಹೆಬ್ಬೆರಳು ಅದರ ಮೇಲೇ ಇತ್ತು. ಅದೇ ಹೊತ್ತಿಗೆ ನಮ್ಮ ಬಾಲ್ಕನಿಯಿಂದ ಪುಟ್ಟಿ ಅಳುವ ಸದ್ದು. ನೀವು ಗುರುತಿಸುವಿರಲ್ಲ, ಹಸಿವಿನದಲ್ಲ, ಆ ಕೆಮ್ಮು ಬೆರೆತ ಅಳು. ಎದ್ದು ಓಡಬೇಕೆಂದು ಕಾಲು ತುಡಿಯಿತು. ಒಂದು ಕಡೆ ಮಗು, ಒಂದು ಕಡೆ ಬೀದಿ, ಎರಡಕ್ಕೂ ನಾನೇ ಏಳಬೇಕು ಅನ್ನುವ ಅದೇ ಹಳೇ ಗಾಬರಿ.

ಆಗ ಬನಿಯನ್ ನೆನಪಾಯಿತು. ಅದು ನಿಮ್ಮ ಮಗನ ದಿಂಬಿನ ಮೇಲೆ ಇತ್ತು. ಸರದಿ ನನ್ನದಲ್ಲ. ಇಲ್ಲಿಯ ಸರದಿಯೂ ನನ್ನದಲ್ಲ, ಮಾವನದು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಮಾವನ ಮುಖ ನೋಡಿದೆ, ಅಷ್ಟೇ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಏನಾಗಿತ್ತು ಗೊತ್ತಾ ಅತ್ತೆ? ಟವೆಲ್ಲಿಗೆ ಬೇಕರಿಯ ಹಿಟ್ಟು ಮೆತ್ತಿತ್ತು. ಇಸ್ತ್ರಿ ಅಣ್ಣ ತನ್ನ ಕೆಲಸ ಮುಗಿಸಿ ಸ್ವಿಚ್ ಆರಿಸಿದ ಮೇಲೆ, ಮಗುವಿನ ಟವೆಲ್ಲನ್ನು ಕೊಳೆಯಾಗಿ ಡಾಕ್ಟರ ಮನೆಗೆ ಹೇಗೆ ಕೊಡೋದು ಎಂದು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿ, ಒಣಗಲಿ ಎಂದು ಬಾಗಿಲಲ್ಲಿ ಕೂತಿದ್ದ! ಆ ಕಡೆ ಡಾಕ್ಟರು, ಟವೆಲ್ ಬಂದಿಲ್ಲವಲ್ಲ ಎಂದು ನಿಯತ್ತಾಗಿ ಕೈಕಟ್ಟಿ ಕೂತಿದ್ದರು. ಮಾವ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಅಯ್ಯೋ ಮಾರಾಯ, ನಿನ್ನ ಅಂಗಡಿಗೆ ಬಂದದ್ದೆಲ್ಲ ಒಗೆಯೋಕೇ ಬರುತ್ತಾ? ಹಸಿಯಾದ್ರೂ ಸರದಿ ಸರದಿನೇ!" ಹಗ್ಗದಿಂದ ಎಳೆದುಕೊಂಡು, ನೀರು ತೊಟ್ಟಿಕ್ಕಿಸುತ್ತಾ ಮೆಟ್ಟಿಲು ಹತ್ತಿ ಡಾಕ್ಟರ ಕೈಗೆ ಹಾಕಿದರು.

ಗೆರೆ ಏರಿತು. ಅದೇ ಹೊತ್ತಿಗೆ ಮೇಲೆ ಅಳು ನಿಂತಿತು. ನಿಮ್ಮ ಮಗ ಬಾಲ್ಕನಿಯಲ್ಲಿ ಅವಳನ್ನು ತಟ್ಟುತ್ತಾ ಸ್ಕೋರ್ ಹೇಳುತ್ತಿದ್ದುದು ಕೇಳಿತು. ಆಮೇಲೆ ಪಂಪು. ಎಲ್ಲ ತೊಟ್ಟಿ ತುಂಬಿ, ಒಂದರಿಂದ ನೀರು ಉಕ್ಕಿ ಬೀದಿಗೇ ಹರಿಯಿತು. ಒಂಬತ್ತು ಬಡಿದಾಗ ಸಾಹೇಬರು ಪೆನ್ನು ತೆಗೆದು ಸಹಿ ಹಾಕಿದರು. ನಾವು ಗೆದ್ದೆವು ಅತ್ತೆ! ಗೆದ್ದೆವು! ಬೇಕರಿ ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದು ಕೆನ್ನೆಗೆ ಮುತ್ತಿಟ್ಟಳು. ಸಾಹೇಬರು ಬಾಗಿಲ ಹತ್ತಿರ ತಿರುಗಿ ಗಂಭೀರವಾಗಿ ಹೇಳಿದರು. "ಇನ್ನೊಂದು ಟವೆಲ್ ಇಟ್ಕೊಳ್ಳಮ್ಮ. ಒಗೆಯೋಕೆ." ಇಷ್ಟು ವರ್ಷ ಓದಿದ ನನಗೆ ಆ ಸಲಹೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಚಪ್ಪಾಳೆ ಈ ಸಲ ಡೀಸೆಲ್ ಮಾವನಿಗೆ. ಅವರು ನಾಚಿ, ಟಾರ್ಪಾಲು ತಂದು ಜನರೇಟರ್ ಮೇಲೆ ಹೊದಿಸಿದರು. ಅಂಚುಗಳನ್ನು ಒಳಗೆ ಸಿಕ್ಕಿಸುತ್ತಾ, ಯಾರಿಗೂ ಕೇಳಿಸದೆಂದುಕೊಂಡು, "ಇನ್ನು ನೀನೂ ಮಲ್ಕೋ" ಅಂದರು. ನನಗೆ ಕೇಳಿಸಿತು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕಿಟಕಿಯ ಹತ್ತಿರ ಹೋದೆ. ಚಿಲಕ ತುಕ್ಕು ಹಿಡಿದು ಕೂತಿತ್ತು. ನಿಮ್ಮ ಮಗ ಭುಜ ಕೊಟ್ಟು ನೂಕಿದರು. ಕಿಟಕಿ ಕಿರ್ರ್ ಎಂದು ತೆರೆಯಿತು. ಒಳಗೆ ಬಂದದ್ದು ಬರೀ ಗಾಳಿ ಅತ್ತೆ. ಸ್ವಲ್ಪ ಬ್ರೆಡ್ಡಿನ ವಾಸನೆ, ಸ್ವಲ್ಪ ಒದ್ದೆ ರಸ್ತೆಯ ವಾಸನೆ, ಅಷ್ಟೇ. ಪುಟ್ಟಿ ಮೂಗು ಅರಳಿಸಿ, ಇದೇನು ಹೊಸದು ಅನ್ನುವ ಹಾಗೆ ಹುಬ್ಬು ಗಂಟಿಕ್ಕಿದಳು. ಕೆಮ್ಮು ಒಂದೇ ದಿನಕ್ಕೆ ಹೋಗಿಬಿಡುತ್ತದೆ ಎಂದು ನಾನೇನೂ ತಿಳಿದಿಲ್ಲ, ಬೆಳಿಗ್ಗೆ ಕೂಡ ಎರಡು ಸಲ ಕೆಮ್ಮಿದಳು. ಆದರೆ ನಾನು ಮಲಗಿದೆ. ಹಾಸಿಗೆಯ ಅಂಚು ಹಿಡಿಯದೆ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು, ಅವಳು ಅಪ್ಪನ ತೊಡೆಯ ಮೇಲೆ ಕೂತು ಕಿಟಕಿಯ ಸರಳು ನೆಕ್ಕಲು ನೋಡುತ್ತಿದ್ದಳು.

ಎದ್ದ ಕೂಡಲೇ ಮೊದಲು ನೆನಪಾದದ್ದು ನೀವು. ನನ್ನ ಬಾಣಂತನ ಮಾಡುತ್ತಾ ಎಷ್ಟು ದಿನ ಸರಿಯಾಗಿ ನಿದ್ದೆಯಿಲ್ಲದೆ ಕಳೆದಿರಿ. ಒಂದು ಸಲವಾದರೂ "ನೀವು ಮಲಗಿ ಅತ್ತೆ, ನಾನು ನೋಡ್ಕೋತೀನಿ" ಎಂದು ನನ್ನ ಬಾಯಲ್ಲಿ ಬರಲಿಲ್ಲ. ನೀವು ಎದ್ದರೆ ನನಗೆ ಸಂಕೋಚ, ನಾನು ಎದ್ದರೆ ನಿಮಗೆ ಅನುಮಾನ. ಇಬ್ಬರೂ ಒಳ್ಳೆಯವರಾಗಲು ಹೋಗಿ ಇಬ್ಬರೂ ಸುಸ್ತಾದೆವು.

ನಾದಿನಿಯ ಕಾಲು ನೆಟ್ಟಗಾದ ಮೇಲೆ ಬನ್ನಿ. ಬರುವಾಗ ನಿಮ್ಮ ಹೊಲಿಗೆ ಸೂಜಿ ತನ್ನಿ, ಬೀದಿಗೆ ಒಗೆಯಲೊಂದು, ದಾಟಿಸಲೊಂದು ಟವೆಲ್ ಬೇಕು, ಬೇಕರಿ ಅಕ್ಕ ಬಾತುಕೋಳಿ ಬೇಕೇ ಬೇಕು ಅಂದಿದ್ದಾಳೆ. ಆ ಹಳದಿಯದನ್ನು ಇಸ್ತ್ರಿ ಅಣ್ಣ ಕೊನೆಗೂ ಒಣಗಿಸಿ, ಚಾಕುವಿನಂಥ ಗೆರೆ ಹಾಕಿ ವಾಪಸ್ ಕೊಟ್ಟಿದ್ದಾನೆ. ನಿಮ್ಮ ಹಾಸಿಗೆ ಕಿಟಕಿಯ ಪಕ್ಕಕ್ಕೆ ಹಾಕಿದ್ದೇನೆ. ನೀವು ಬಂದ ದಿನ ಟವೆಲ್ ನನ್ನ ದಿಂಬಿನ ಮೇಲಿರುತ್ತದೆ. ಅವಳು ಎಷ್ಟೇ ಅತ್ತರೂ ನೀವು ಏಳಕೂಡದು, ಇದು ಸೊಸೆಯ ಆಜ್ಞೆ.

ಕಿರಿಯರು ಹಿರಿಯರನ್ನು ಹರಸುವ ವಾಡಿಕೆ ಇಲ್ಲ, ಗೊತ್ತು. ಆದರೂ ಇದೊಂದು ಸಲ ಸಹಿಸಿಕೊಳ್ಳಿ: ನಿಮ್ಮ ಕಣ್ತುಂಬ ನಿದ್ದೆ ಬರಲಿ.

ಕಿಟಕಿ ತೆರೆದಿಟ್ಟು ನಿಮ್ಮ ದಾರಿ ನೋಡುತ್ತಿರುವ,
ಈಗಷ್ಟೇ ನಿದ್ದೆ ಮಾಡಿ ಎದ್ದ ನಿಮ್ಮ ಸೊಸೆ